ಮಲೆ, ಮಳೆ, ಮನೆ, ಮಣೆ: ನಾಲಿಗೆ ಅಂಗುಳಕ್ಕೆ ಎಲ್ಲಿ ತಾಗಿತು?

ಅಜ್ಜ ಹೊಸ ಹಲ್ಲು ಸೆಟ್ ಹಾಕಿಸಿಕೊಂಡು ಶಿವಮೊಗ್ಗದಿಂದ ಬಂದ ಸಂಜೆ, ಜಗಲಿ ಮೇಲೆ ಕೂತು ಮೊದಲು ಆಡಿದ ಮಾತು: 'ಶಾಗರದಲ್ಲಿ ಬಶ್ಶೇ ಶಿಗಲಿಲ್ಲ.' ಮಕ್ಕಳು ಬಿದ್ದು ಬಿದ್ದು ನಕ್ಕವು. ಅಜ್ಜನಿಗೆ ಸಿಟ್ಟು ಬಂತು. 'ಎಂತ ಮಾರಾಯ, ಬಾಯೊಳಗೆ ತಗಡು ಹೊಡೆದಂಗೆ ಆಗ್ತದೆ' ಅಂದ. ಅಂದದ್ದು ಅರ್ಥ ಆಗೋಕೆ ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

ತಗಡು ಅಂದದ್ದು ಸರಿಯಾಗಿಯೇ ಇತ್ತು. ಮೇಲಿನ ಸೆಟ್ಟು ಅಂದರೆ ಬರೀ ಹಲ್ಲಿನ ಸಾಲಲ್ಲ, ಅದರ ಜೊತೆ ಅಂಗುಳವನ್ನು ಪೂರ್ತಿ ಮುಚ್ಚುವ ಒಂದು ಗುಲಾಬಿ ಬಣ್ಣದ ತಟ್ಟೆಯೂ ಬರುತ್ತದೆ. ಅದರ ದಪ್ಪ ಒಂದೆರಡು ಮಿಲಿಮೀಟರ್ ಅಷ್ಟೇ. ಆದರೆ ಎಪ್ಪತ್ತು ವರ್ಷದಿಂದ ಒಂದೇ ಅಂಗುಳಕ್ಕೆ ಪಳಗಿದ್ದ ನಾಲಿಗೆಗೆ ಅಷ್ಟು ಸಾಕು. 'ಸ' ಅನ್ನಬೇಕಾದರೆ ನಾಲಿಗೆಯ ಎರಡೂ ಅಂಚು ಅಂಗುಳದ ಅಕ್ಕಪಕ್ಕ ಒತ್ತಿಕೊಂಡು, ನಡುವೆ ಮಾತ್ರ ಒಂದು ಕಿರಿದಾದ ಸಂದು ಉಳಿಯಬೇಕು, ಗಾಳಿ ಆ ಸಂದಿನಲ್ಲಿ ನುಗ್ಗಿ ಹಲ್ಲಿನ ಅಂಚಿಗೆ ಬಡಿಯಬೇಕು. ಸಂದು ಸ್ವಲ್ಪ ಅಗಲವಾಯಿತೋ, ಸ್ವಲ್ಪ ಹಿಂದೆ ಸರಿಯಿತೋ, 'ಸ' ಹೋಗಿ 'ಶ' ಆಗುತ್ತದೆ. ಸಾಗರ ಶಾಗರ ಆಗುತ್ತದೆ.

ಎರಡು ವಾರದಲ್ಲಿ ಅಜ್ಜನ ಸಾಗರ ವಾಪಸ್ ಬಂತು. ಯಾರೂ ಹೇಳಿಕೊಡಲಿಲ್ಲ, ನಾಲಿಗೆ ತಾನೇ ಹೊಸ ಅಳತೆ ಹಿಡಿಯಿತು. ನನಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಬಾಯಿ ಮುಚ್ಚಿರುವಾಗ ಒಳಗೆ ನಾಲಿಗೆ ಎಲ್ಲಿ ತಾಗುತ್ತಿದೆ ಅಂತ ನೋಡುವುದು ಹೇಗೆ?

ನೋಡಬಹುದು. ಅದಕ್ಕೆ ಬಳಸುವುದೂ ಹೆಚ್ಚುಕಮ್ಮಿ ಅಜ್ಜನ ಸೆಟ್ಟಿನಂಥದೇ ಒಂದು ತಟ್ಟೆ, ಹಲ್ಲಿಲ್ಲದ್ದು. ಹಲ್ಲಿನ ಬದಲು ಅದರ ಮೈತುಂಬ ಚಿಕ್ಕ ಚಿಕ್ಕ ಸೆನ್ಸರ್. ಎಲೆಕ್ಟ್ರೋಪ್ಯಾಲಟೋಗ್ರಫಿ ಅಂತ ಅದರ ಹೆಸರು. ಹೇಳುವುದಕ್ಕೇ ನಾಲಿಗೆ ಕಸರತ್ತು ಮಾಡಬೇಕು. ಬಲ್ಲವರು ಸುಮ್ನೆ ಇಪಿಜಿ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ.

ಯಂತ್ರಕ್ಕೆ ಹೋಗುವ ಮುಂಚೆ ನಾಲ್ಕು ಪದ ಹೇಳಿ ನೋಡಿ. ಮಲೆ. ಮಳೆ. ಮನೆ. ಮಣೆ. ನಾಲ್ಕೂ ನಮ್ಮ ಕಡೆಯವೇ. ಮಲೆಯಿಂದ ನಾಡಿಗೆ ಹೆಸರು ಬಂತು, ಮಳೆ ಅಂತೂ ಕೇಳುವುದೇ ಬೇಡ, ಮನೆಯಲ್ಲಿ ಊಟಕ್ಕೆ ಕೂರುವುದು ಮಣೆ ಮೇಲೆ. ಈ ನಾಲ್ಕರಲ್ಲೂ 'ಮ' ತುಟಿಯ ಕೆಲಸ, ನಾಲಿಗೆಗೆ ಅಲ್ಲಿ ಏನೂ ಇಲ್ಲ. ಕೊನೆಯ 'ಎ' ಸ್ವರ, ಅದಕ್ಕೆ ನಾಲಿಗೆಯ ಅಂಚು ಹಿಂದಿನ ದವಡೆ ಹಲ್ಲಿನ ಹತ್ತಿರ ಸ್ವಲ್ಪ ತಾಗಬಹುದು, ಅಷ್ಟೇ. ಹಾಗಾಗಿ ಅಂಗುಳದ ನಡುವೆ ನಾಲಿಗೆ ಗಟ್ಟಿಯಾಗಿ ತಾಗುವುದು ಪದಕ್ಕೆ ಒಂದೇ ಒಂದು ಸಲ. ಮಲೆಯಲ್ಲಿ 'ಲ'ಗೆ, ಮಳೆಯಲ್ಲಿ 'ಳ'ಗೆ. ಅಂಗುಳದ ಗುರುತು ಓದುವವರಿಗೆ ಇದಕ್ಕಿಂತ ಒಳ್ಳೆಯ ಪದಗಳು ಸಿಗುವುದು ಕಷ್ಟ. ಪದದಲ್ಲಿ ನಾಲಿಗೆ ತಾಗುವ ವ್ಯಂಜನ ಎರಡು ಮೂರು ಇದ್ದರೆ ಗುರುತಿನ ಮೇಲೆ ಗುರುತು ಬಿದ್ದು ಎಲ್ಲ ಕಲಸಿಹೋಗುತ್ತದೆ.

ಈಗ ನಿಧಾನವಾಗಿ ಮನೆ, ಮಣೆ ಅಂತ ಎರಡು ಸಲ ಹೇಳಿ. ನಾಲಿಗೆಯ ತುದಿ ಎಲ್ಲಿ ತಾಗಿತು? ಮನೆಗೆ ಮುಂದೆ, ಹಲ್ಲಿನ ಹತ್ತಿರ. ಮಣೆಗೆ ಹಿಂದೆ, ಮೇಲೆ. ಇಷ್ಟು ಎಲ್ಲರಿಗೂ ಗೊತ್ತಾಗುತ್ತದೆ. ಎಷ್ಟು ಹಿಂದೆ? ತುದಿಯ ಮೇಲ್ಭಾಗ ತಾಗಿತೋ ಕೆಳಭಾಗವೋ? ಎಷ್ಟು ಹೊತ್ತು? ಅಲ್ಲಿ ಸುಮ್ಮನಾಗುತ್ತೇವೆ. ದಿನಕ್ಕೆ ಸಾವಿರಾರು ಸಲ ಮಾಡುವ ಕೆಲಸ, ಹೇಗೆ ಮಾಡುತ್ತೇವೆ ಅಂತ ಕೇಳಿದರೆ ಉತ್ತರ ಇಲ್ಲ.

ಹಾಗೆ ನೋಡಿದರೆ ನಮ್ಮ ಅಕ್ಷರಮಾಲೆಯೇ ಬಾಯಿಯ ಒಂದು ನಕಾಶೆ. ಕ, ಚ, ಟ, ತ, ಪ ಅಂತ ಗಂಟಲ ಕಡೆಯಿಂದ ತುಟಿಯ ಕಡೆಗೆ ನಡೆದುಕೊಂಡು ಬರುತ್ತದೆ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ನೆನಪಿರಬಹುದು. ಇದನ್ನು ಮಾಡಿದವರ ಹತ್ತಿರ ಯಾವ ಯಂತ್ರವೂ ಇರಲಿಲ್ಲ, ಸ್ವಂತ ಬಾಯಿಯ ಮೇಲಿನ ಗಮನ ಮಾತ್ರ. ಆ ಗಮನ ನಮ್ಮಲ್ಲಿಲ್ಲ, ಅದಕ್ಕೇ ಬಣ್ಣ ಬೇಕು, ಕನ್ನಡಿ ಬೇಕು, ವೈರು ಬೇಕು.

ಮೊದಲು ಬಂದದ್ದು ಬಣ್ಣ. ಅದನ್ನು ತಂದವರು ಭಾಷಾ ಪಂಡಿತರಲ್ಲ, ಹಲ್ಲಿನ ಡಾಕ್ಟರು. 1872ರಲ್ಲಿ ಲಂಡನ್ನಿನ ದಂತವೈದ್ಯ ಓಕ್ಲಿ ಕೋಲ್ಸ್ ಗೋಂದು ಮತ್ತು ಹಿಟ್ಟನ್ನು ಕಲಸಿ ಬಾಯೊಳಗೆ ಬಳಿದು, ಒಂದು ಶಬ್ದ ಹೇಳಿ, ಎಲ್ಲಿ ಅಳಿಸಿದೆ, ಎಲ್ಲಿ ಅಂಟಿದೆ ಅಂತ ನೋಡಿದ. ಕೆಲವು ವರ್ಷ ಕಳೆದ ಮೇಲೆ ನ್ಯೂಯಾರ್ಕಿನ ದಂತವೈದ್ಯ ನಾರ್ಮನ್ ಕಿಂಗ್ಸ್ಲಿ ಇನ್ನೊಂದು ಉಪಾಯ ಮಾಡಿದ: ಅಂಗುಳಕ್ಕೆ ಹೊಂದುವ ತೆಳು ತಟ್ಟೆ ಮಾಡಿ, ಅದಕ್ಕೆ ಸೀಮೆಸುಣ್ಣ ಸವರಿ, ಬಾಯಲ್ಲಿ ಇಟ್ಟು ಶಬ್ದ ಹೇಳಿಸಿ, ಹೊರಗೆ ತೆಗೆದು ನೋಡುವುದು. ಸೀಳು ಅಂಗುಳದವರಿಗೆ ತಟ್ಟೆ ಮಾಡಿಕೊಡುವಾಗ ಮಾತು ಸರಿಯಾಗಿ ಬರಬೇಕಲ್ಲ, ಹಾಗಾಗಿ ಈ ಕಸುಬಿನವರಿಗೆ ನಾಲಿಗೆ ಎಲ್ಲಿ ತಾಗುತ್ತದೆ ಅನ್ನುವುದು ಸುಮ್ಮನೆ ಕುತೂಹಲದ ವಿಷಯ ಆಗಿರಲಿಲ್ಲ.

ಬಣ್ಣದ ವಿಧಾನ ಈಗಲೂ ಬಳಕೆಯಲ್ಲಿದೆ. ಹಳ್ಳಿ ಹಳ್ಳಿ ಸುತ್ತಿ ಭಾಷೆ ದಾಖಲಿಸುವವರು ಇದ್ದಿಲ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಕುಂಚದಿಂದ ನಾಲಿಗೆಗೆ ಹಚ್ಚುತ್ತಾರೆ. ಪದ ಹೇಳಿಸಿ, ಬಾಯಿ ತೆರೆಸಿ, ಕನ್ನಡಿ ತೂರಿಸಿ, ಫೋಟೋ ಹೊಡೆಯುತ್ತಾರೆ. ನಾಲಿಗೆ ತಾಗಿದ ಕಡೆ ಅಂಗುಳಕ್ಕೆ ಕರಿ ಅಂಟಿರುತ್ತದೆ. ಕರೆಂಟ್ ಬೇಡ, ಕಂಪ್ಯೂಟರ್ ಬೇಡ.

ಇದನ್ನು ಮನೆಯಲ್ಲೇ ಮಾಡಬಹುದಲ್ಲ ಅನ್ನಿಸಿತು. ಇದ್ದಿಲ ಬದಲು ಅಂಗಡಿಯ ಕೋಕೋ ಪುಡಿ, ಕೊಬ್ಬರಿ ಎಣ್ಣೆ. ಚಿಕ್ಕ ಕೈಗನ್ನಡಿಯನ್ನು ಬಿಸಿನೀರಿನಲ್ಲಿ ತೊಳೆದು ಇಟ್ಟುಕೊಂಡೆ, ಮೊಬೈಲ್ ಟಾರ್ಚ್ ಇತ್ತು. ಬಾಯಿ ಕೊಡಲು ಒಪ್ಪಿದ್ದು ಅತ್ತೆ ಒಬ್ಬಳೇ, ಅದೂ ಮಳೆ ಜೋರಾಗಿ ಕರೆಂಟ್ ಹೋಗಿ ಬೇರೆ ಕೆಲಸ ಇಲ್ಲದ ಮಧ್ಯಾಹ್ನ. ಮೊದಲನೇ ಸಲ ನಾಲಿಗೆಗೆ ಬಳಿದು 'ಮಲೆ ಅನ್ನು' ಅಂದೆ. ಅಂದಳು. 'ಈಗ ನುಂಗಬೇಡ, ನಗಬೇಡ, ಬಾಯಿ ತೆರೆ' ಅಂದೆ. ನಗಬೇಡ ಅಂದರೆ ಯಾರು ನಗದೆ ಇರುತ್ತಾರೆ? ಅಂಗುಳ ಪೂರ್ತಿ ಚಾಕೊಲೇಟ್. ಎರಡನೇ ಸಲ ಸರಿಯಾಯಿತು. ಮೇಲಿನ ಹಲ್ಲಿನ ಹಿಂದೆ, ವಸಡಿನ ದಿಬ್ಬದ ಮೇಲೆ, ಕಮಾನಿನ ಹಾಗೆ ಒಂದು ಕಂದು ಪಟ್ಟಿ. ಆಹಾ ಅನ್ನಿಸಿತು.

ಬಾಯಿ ತೊಳೆದು ಬಂದ ಮೇಲೆ ಮತ್ತೆ ಬಳಿದು 'ಮಣೆ' ಅನ್ನಿಸಿದೆ. ಕನ್ನಡಿ ಹಿಡಿದು ನೋಡಿದರೆ ಅಂಗುಳದಲ್ಲಿ ಏನೂ ಇಲ್ಲ! ಅಲ್ಲೊಂದು ಇಲ್ಲೊಂದು ಮಸುಕು ಚುಕ್ಕಿ ಬಿಟ್ಟರೆ ಖಾಲಿ. ಅತ್ತೆ ಮಣೆ ಅಂದದ್ದು ಸ್ಪಷ್ಟವಾಗಿ ಕೇಳಿತ್ತು, ನಾಲಿಗೆ ತಾಗದೆ ಣ ಬರುವುದಿಲ್ಲ. ಮತ್ತೆ ಮಾಡಿದೆವು, ಮತ್ತೂ ಖಾಲಿ. 'ಅಡಿಗೆ ಹಚ್ಚಿದೀಯನಾ?' ಅಂತ ಅತ್ತೆಯೇ ಕೇಳಿದಳು. ಬಾಯಿ ಅವಳದು, ಗೊತ್ತಾಗಿದ್ದೂ ಅವಳಿಗೇ. ನಾಲಿಗೆ ಹಿಂದಕ್ಕೆ ಸುರುಳಿ ಸುತ್ತಿದಾಗ ಅಂಗುಳಕ್ಕೆ ತಾಗುವುದು ತುದಿಯ ಕೆಳಗಿನ ಮೈ, ನಾನು ಬಳಿದದ್ದು ಮೇಲಿನ ಮೈಗೆ. ನಾಲಿಗೆಯ ತುದಿಯ ಅಡಿಗೂ ಹಚ್ಚಿ ಹೇಳಿಸಿದಾಗ, ದಿಬ್ಬ ದಾಟಿ ಹಿಂದೆ, ಅಂಗುಳ ಗುಮ್ಮಟದ ಹಾಗೆ ಏರುವ ಕಡೆ, ದುಂಡಗೆ ಒಂದು ಕಲೆ ಕಂಡಿತು. ಹಲ್ಲಿನ ಹಿಂದಿನ ಜಾಗ ಚೊಕ್ಕ.

ಆ ಮಧ್ಯಾಹ್ನ ಕಲಿತದ್ದು ಎರಡು. ಒಂದು, ಎಲ್ಲಿ ತಾಗಿತು ಅನ್ನುವುದೂ ಯಾವುದು ತಾಗಿತು ಅನ್ನುವುದೂ ಬೇರೆ ಬೇರೆ ಪ್ರಶ್ನೆ. ಇದು ಮುಂದೆ ಮತ್ತೆ ಬರುತ್ತದೆ. ಎರಡು, ಬಣ್ಣದಿಂದ ಸಿಗುವುದು ಒಂದು ಪದಕ್ಕೆ ಒಂದು ಚಿತ್ರ. ನಾಲಿಗೆ ಮೊದಲು ಎಲ್ಲಿ ತಾಗಿತು, ಅಲ್ಲಿಂದ ಎಲ್ಲಿಗೆ ಜಾರಿತು, ಎಷ್ಟು ಹೊತ್ತು ಇತ್ತು, ಎಲ್ಲ ಸೇರಿ ಒಂದೇ ಕಲೆ. ಮಾತು ಅಂದರೆ ಓಡುವ ವಸ್ತು, ಇದು ನಿಂತ ಫೋಟೋ.

ಓಡುವುದನ್ನು ಹಿಡಿಯೋಕೆ ಬಂದದ್ದೇ ವಿದ್ಯುತ್ ಅಂಗುಳ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಹಾರ್ಡ್‌ಕಾಸಲ್ ಮತ್ತು ಅವರ ಜೊತೆಗಾರರು 1970ರ ದಶಕದಿಂದ ಬೆಳೆಸಿದ ತಟ್ಟೆ ತುಂಬಾ ಕಡೆ ಬಳಕೆಯಾಯಿತು, ನಾನು ವಿವರಿಸುತ್ತಿರುವುದು ಅದನ್ನೇ. ಬೇರೆ ಕಂಪನಿಗಳ, ಬೇರೆ ದೇಶಗಳ ತಟ್ಟೆಯೂ ಇವೆ, ಸೆನ್ಸರ್ ಲೆಕ್ಕ ಹೆಚ್ಚುಕಮ್ಮಿ, ನೂರು ದಾಟುವುದೂ ಉಂಟು. ಉಪಾಯ ಒಂದೇ.

ಮೊದಲು ದಂತವೈದ್ಯರ ಕುರ್ಚಿ. ಸೆಟ್ಟಿಗೆ ಅಳತೆ ತೆಗೆಯುವ ಹಾಗೇ ಬಾಯಿಗೆ ಮೆತ್ತನೆಯ ಹಿಟ್ಟಿನಂಥದ್ದು ತುಂಬಿದ ಟ್ರೇ ಒತ್ತುತ್ತಾರೆ, ಅದು ಗಟ್ಟಿಯಾದ ಮೇಲೆ ತೆಗೆದು ಅಚ್ಚಿಗೆ ಪ್ಲಾಸ್ಟರ್ ಸುರಿಯುತ್ತಾರೆ, ನಿಮ್ಮ ಅಂಗುಳದ ಪಡಿಯಚ್ಚು ಕೈಗೆ ಬರುತ್ತದೆ. ಅದರ ಮೇಲೆ ತೆಳುವಾದ ಅಕ್ರಿಲಿಕ್ ತಟ್ಟೆ ಮಾಡುತ್ತಾರೆ. ಅದರಲ್ಲಿ 62 ಬೆಳ್ಳಿಯ ಪುಟಾಣಿ ಬಿಲ್ಲೆಗಳನ್ನು ಕೂರಿಸುತ್ತಾರೆ. ಎಂಟು ಸಾಲು, ಹಲ್ಲಿನ ಹಿಂದಿನ ಮೊದಲ ಸಾಲಿನಲ್ಲಿ ಆರು, ಉಳಿದ ಏಳು ಸಾಲಿನಲ್ಲಿ ಎಂಟೆಂಟು. ಮುಂದಿನ ನಾಲ್ಕು ಸಾಲು ಒತ್ತೊತ್ತಾಗಿ, ಹಿಂದಿನ ನಾಲ್ಕು ಸ್ವಲ್ಪ ದೂರ ದೂರ, ಯಾಕೆಂದರೆ ನಾಲಿಗೆಯ ನಾಜೂಕಿನ ಕೆಲಸ ಜಾಸ್ತಿ ನಡೆಯುವುದು ಮುಂದೆ. ಪ್ರತಿ ಬಿಲ್ಲೆಗೂ ಕೂದಲಿನಂಥ ಒಂದು ತಂತಿ. ಎಲ್ಲ ತಂತಿಗಳೂ ಎರಡು ಕಟ್ಟಾಗಿ ಕೊನೆಯ ದವಡೆ ಹಲ್ಲನ್ನು ಬಳಸಿಕೊಂಡು ಬಾಯಿಯ ಎರಡು ಮೂಲೆಯಿಂದ ಹೊರಗೆ ಬರುತ್ತವೆ. ನೋಡಲು ಮೀಸೆ ಇಳಿಬಿಟ್ಟ ಹಾಗೆ.

ಇನ್ನು ಕರೆಂಟು. ಹೆದರಬೇಡಿ, ಗೊತ್ತೇ ಆಗದಷ್ಟು ಸಣ್ಣದು. ಮಾತಾಡುವವರು ಕೈಯಲ್ಲಿ ಒಂದು ಎಲೆಕ್ಟ್ರೋಡ್ ಹಿಡಿದಿರುತ್ತಾರೆ, ಅದರಿಂದ ಸಣ್ಣ ವಿದ್ಯುತ್ತು ಮೈಗೆ ಬರುತ್ತದೆ. ಮೈ ಅಂದ ಮೇಲೆ ನಾಲಿಗೆಯೂ ಬಂತು. ನಾಲಿಗೆ ಯಾವ ಬಿಲ್ಲೆಗೆ ತಾಗುತ್ತದೋ ಆ ಬಿಲ್ಲೆಯ ಸರ್ಕ್ಯೂಟ್ ಪೂರ್ತಿಯಾಗುತ್ತದೆ, ಸ್ವಿಚ್ ಒತ್ತಿದ ಹಾಗೆ. ತಾಗಿದರೆ ಹೌದು, ಇಲ್ಲದಿದ್ದರೆ ಇಲ್ಲ. ಎಷ್ಟು ಜೋರಾಗಿ ಒತ್ತಿತು ಅಂತ ಅದು ಹೇಳುವುದಿಲ್ಲ, ಅದು ಅದರ ಕೆಲಸವೂ ಅಲ್ಲ. 62 ಸ್ವಿಚ್‌ಗಳ ಲೆಕ್ಕವನ್ನು ಸೆಕೆಂಡಿಗೆ 100 ಸಲ ತೆಗೆದುಕೊಳ್ಳುತ್ತದೆ. ಮಾತಿನ ನಡುವೆ ಒಂದು ವ್ಯಂಜನ ಬಾಳುವುದೇ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವು ಸಲ ಅದಕ್ಕೂ ಕಮ್ಮಿ. ಅಂದರೆ ಒಂದು 'ಲ'ಗೆ ಹೆಚ್ಚುಕಮ್ಮಿ ಹತ್ತು ಚಿತ್ರ.

ಪರದೆ ಮೇಲೆ ಕಾಣುವುದು ಹೀಗೆ. ಮೇಲಿನ ಸಾಲು ಹಲ್ಲಿನ ಕಡೆ, ಕೆಳಗಿನದು ಗಂಟಲ ಕಡೆ, ತುಂಬಿದ ಚುಕ್ಕಿ ಅಂದರೆ ತಾಗಿದೆ ಅಂತ. ಇವು ಯಾರದೋ ಬಾಯಿಯ ಅಳತೆಯಲ್ಲ, ಮಾದರಿ ಗೊತ್ತಾಗಲಿ ಅಂತ ನಾನೇ ಬರೆದದ್ದು.

ಮನೆಯ 'ನ':

　●●●●●●
●●●●●●●●
●●●○○●●●
●●○○○○●●
●○○○○○○●
●○○○○○○●
●○○○○○○●
●○○○○○○●

ಮಣೆಯ 'ಣ':

　○○○○○○
○○○○○○○○
○●●●●●●○
●●●●●●●●
●●○○○○●●
●○○○○○○●
●○○○○○○●
●○○○○○○●

ಆಸೆಯ 'ಸ':

　●●○○●●
●●●○○●●●
●●○○○○●●
●●○○○○●●
●●○○○○●●
●○○○○○○●
●○○○○○○●
●●○○○○●●

ಕುದುರೆ ಲಾಳದ ಆಕಾರ ಕಂಡಿತಲ್ಲ? ಲಾಳದ ತಲೆ ಮುಂದೆ ಇದ್ದರೆ ನ, ಹಿಂದೆ ಸರಿದರೆ ಣ, ತಲೆಯ ನಡುವೆ ಬಾಗಿಲು ತೆರೆದಿದ್ದರೆ ಸ. ಆ ಬಾಗಿಲಲ್ಲೇ ಗಾಳಿ ನುಗ್ಗುವುದು. ಅಜ್ಜನ ಎರಡು ವಾರದ ಕಥೆ ಪೂರ್ತಿ ಆ ನಾಲ್ಕು ಖಾಲಿ ಚುಕ್ಕಿಯದು. ಇನ್ನು ಲ ಮತ್ತು ಳ ಇದಕ್ಕೆ ಉಲ್ಟಾ. ನಡುವೆ ಮುಚ್ಚಿರುತ್ತದೆ, ಗಾಳಿ ಪಕ್ಕದಿಂದ ಹೋಗುತ್ತದೆ, ಹಾಗಾಗಿ ಪಕ್ಕದ ಚುಕ್ಕಿಗಳಲ್ಲಿ ಎಲ್ಲೋ ಒಂದು ಕಡೆ ಖಾಲಿ ಕಾಣುತ್ತದೆ.

ಚಿತ್ರಗಳನ್ನು ಒಂದಾದ ಮೇಲೊಂದು ಓಡಿಸಿದರೆ ಇನ್ನೂ ಮಜಾ. 'ಅಟ್ಟ' ಅನ್ನಿ. ಅಡಿಕೆ ಮೂಟೆ ಇಡುವ ಅಟ್ಟ. ನಾಲಿಗೆಯ ತುದಿ ಹಿಂದಕ್ಕೆ ಹೋಗಿ ತಾಗುತ್ತದೆ, ಆದರೆ ಅಲ್ಲೇ ಕೂರುವುದಿಲ್ಲ, ಮುಚ್ಚಿಕೊಂಡಿರುವಾಗಲೇ ಮುಂದಕ್ಕೆ ಜಾರುತ್ತಾ ಬಂದು, ಆಮೇಲೆ ಬಿಡುತ್ತದೆ. ಬಿಡುವ ಹೊತ್ತಿಗೆ ಲಾಳದ ತಲೆ ಮೊದಲಿಗಿಂತ ಮುಂದೆ ಬಂದಿರುತ್ತದೆ. 'ಅತ್ತ' ಅನ್ನುವಾಗ ಈ ಜಾರಾಟ ಇಲ್ಲ. ನಮ್ಮ ಕಿವಿಗೆ 'ಟ್ಟ' ಒಂದೇ ಗಟ್ಟಿ ಶಬ್ದ, ನಾಲಿಗೆಗೆ ಅದೊಂದು ಸಣ್ಣ ಪ್ರಯಾಣ.

ಇಂಗ್ಲಿಷಿನವರ ಟೈಮು, ಟೇಬಲ್ಲು ನಾವು ಟಕಾರದಲ್ಲೇ ಬರೆಯುತ್ತೇವೆ. ಅವರ ನಾಲಿಗೆ ತಾಗುವುದು ಹಲ್ಲಿನ ಹಿಂದಿನ ದಿಬ್ಬಕ್ಕೆ, ನಮ್ಮ ತ ಮತ್ತು ಟ ಎರಡರ ನಡುವೆ ಎಲ್ಲೋ. ನಮ್ಮಲ್ಲಿ ಅಲ್ಲಿಗೆ ಅಂತ ಬೇರೆ ಅಕ್ಷರ ಇಲ್ಲ, ಹತ್ತಿರ ಕೇಳಿಸಿದ್ದಕ್ಕೆ ಸೇರಿಸಿದ್ದೇವೆ. ಚುಕ್ಕಿ ಚಿತ್ರ ಪಕ್ಕಪಕ್ಕ ಇಟ್ಟರೆ ಮೂರೂ ಮೂರು ಜಾಗ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಈಗ ಈ ಯಂತ್ರಕ್ಕೆ ಕಾಣದ್ದು. ಇದು ಸಣ್ಣ ಪಟ್ಟಿಯಲ್ಲ.

ತ, ಥ, ದ, ಧ ನಾಲ್ಕಕ್ಕೂ ಚಿತ್ರ ಹೆಚ್ಚುಕಮ್ಮಿ ಒಂದೇ, ನ ಕೂಡ ಅದರ ಹತ್ತಿರದ್ದೇ. ಗಂಟಲು ಗುಂಯ್ ಅಂದರೆ ದ, ಮೂಗಲ್ಲಿ ಗಾಳಿ ಬಿಟ್ಟರೆ ನ, ಉಸಿರು ಜೋರಾದರೆ ಮಹಾಪ್ರಾಣ. ಇದು ಯಾವುದೂ ಅಂಗುಳದ ತಟ್ಟೆಗೆ ಸಂಬಂಧಪಟ್ಟದ್ದಲ್ಲ. ಪ, ಬ, ಮ ತುಟಿಯವು, ತಟ್ಟೆಗೆ ಗೊತ್ತೇ ಆಗುವುದಿಲ್ಲ. ಹಲ್ಲಿಗೆ ತಾಗಿದ್ದೂ ಲೆಕ್ಕಕ್ಕಿಲ್ಲ, ತಟ್ಟೆ ವಸಡಿಗೇ ಮುಗಿಯುತ್ತದೆ. ಹಿಂದೆ, ಮೆತ್ತನೆಯ ಅಂಗುಳ ಶುರುವಾಗುವ ಕಡೆಯೂ ಮುಗಿಯುತ್ತದೆ, ಅಲ್ಲಿಗೆ ತಟ್ಟೆ ಚಾಚಿದರೆ ವಾಂತಿ ಬರುತ್ತದೆ. ಹಾಗಾಗಿ ಕಕಾರ ಅರ್ಧ ಮಾತ್ರ ಸಿಗುತ್ತದೆ. 'ಕಿವಿ'ಯ ಕ ಪರವಾಗಿಲ್ಲ, ಮುಂದೆ ಇಕಾರ ಇರುವುದರಿಂದ ನಾಲಿಗೆ ಮುಂದಕ್ಕೆ ಸರಿದು ಕೊನೆಯ ಸಾಲುಗಳಿಗೆ ತಾಗುತ್ತದೆ. 'ಕೂಗು' ಅಂದರೆ ಎರಡೂ ವ್ಯಂಜನ ತಟ್ಟೆಯ ಹಿಂದೆಯೇ ನಡೆದುಹೋಗಬಹುದು, ಪರದೆ ಖಾಲಿ. ಎರಡೂ ಕ ಒಂದೇ ಅಂದುಕೊಂಡಿದ್ದೆವು, ಅಲ್ವಾ? ಪಕ್ಕದಲ್ಲಿ ಯಾವ ಸ್ವರ ಇದೆ ಅಂತ ನೋಡಿಕೊಂಡು ನಾಲಿಗೆ ಮೊದಲೇ ಜಾಗ ಬದಲಿಸಿರುತ್ತದೆ.

ಮತ್ತೆ ಅತ್ತೆ ಕೇಳಿದ ಪ್ರಶ್ನೆ: ತಾಗಿದ್ದು ನಾಲಿಗೆಯ ಯಾವ ಭಾಗ? ಬಿಲ್ಲೆಗೆ ಅದು ಗೊತ್ತಿಲ್ಲ. ತುದಿಯ ಮೇಲ್ಮೈ ತಾಗಿದರೂ ಸ್ವಿಚ್ ಆನ್, ಅಡಿ ತಾಗಿದರೂ ಆನ್. ಇದು ಚಿಲ್ಲರೆ ವಿಷಯವಲ್ಲ. 1983ರಲ್ಲಿ ಪೀಟರ್ ಲ್ಯಾಡಿಫೋಗೆಡ್ ಮತ್ತು ಪೆರಿ ಭಾಸ್ಕರರಾವ್ ಅನ್ನುವ ಧ್ವನಿವಿಜ್ಞಾನಿಗಳು ಹಿಂದಿ, ತಮಿಳು, ತೆಲುಗು ಮಾತಾಡುವವರ ಟಕಾರವನ್ನು ಎಕ್ಸ್-ರೇ ಹಿಡಿದು ನೋಡಿದರು. ಬರೆದರೆ ಎಲ್ಲವೂ ಟ. ಹಿಂದಿಯವರು ತುದಿಯನ್ನು ದಿಬ್ಬದ ಹಿಂದೆ ನೆಟ್ಟಗೆ ತಾಗಿಸುವುದು ಜಾಸ್ತಿ, ತಮಿಳು ತೆಲುಗಿನವರು ಪೂರ್ತಿ ಸುರುಳಿ ಸುತ್ತಿ ತುದಿಯ ಅಡಿಯನ್ನು ತಾಗಿಸುವುದು ಜಾಸ್ತಿ. ನಮ್ಮ ಅತ್ತೆ ಆ ದಿನ ಎರಡನೇ ಗುಂಪಿಗೆ ಸೇರಿದಳು. ಒಂದು ಬಾಯಿ ನೋಡಿ ಕನ್ನಡಿಗರೆಲ್ಲ ಹೀಗೆ ಅನ್ನಲಾಗದು ಬಿಡಿ.

ಅದಕ್ಕೇ ಇಪಿಜಿ ಜೊತೆಗೆ ಬೇರೆ ವಿಧಾನಗಳೂ ಬೇಕಾಗುತ್ತವೆ. ಗದ್ದದ ಕೆಳಗೆ ಅಲ್ಟ್ರಾಸೌಂಡ್ ಇಟ್ಟರೆ ನಾಲಿಗೆಯ ಬೆನ್ನಿನ ಆಕಾರ ಕಾಣುತ್ತದೆ. ಎಕ್ಸ್-ರೇಯ ಹಾಗೆ ಭಯ ಇಲ್ಲ, ತುದಿ ಮಾತ್ರ ಎಷ್ಟೋ ಸಲ ನೆರಳಿನಲ್ಲಿ ಮರೆಯಾಗುತ್ತದೆ. ಇನ್ನೊಂದು, ನಾಲಿಗೆಯ ಮೇಲೆಯೇ ಪುಟ್ಟ ಸುರುಳಿ ತಂತಿಗಳನ್ನು ಅಂಟಿಸಿ, ತಲೆಯ ಸುತ್ತ ಅಯಸ್ಕಾಂತ ಕ್ಷೇತ್ರ ಹುಟ್ಟಿಸಿ, ಅವು ಎಲ್ಲೆಲ್ಲಿ ಓಡಾಡುತ್ತವೆ ಅಂತ ಹಿಡಿಯುವುದು. ಕನ್ನಡದ 'ಟ್ಟ', 'ತ್ತ' ಮೇಲೆ ಇವೆರಡನ್ನೂ ಬಳಸಿ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸಿ ಕೊಚೆಟೊವ್ ಜೊತೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಎನ್. ಶ್ರೀದೇವಿ ಮತ್ತಿತರರು ಮಾಡಿದ್ದು. ಅಟ್ಟ, ಅತ್ತದಂಥ ಪದಗಳ ವ್ಯತ್ಯಾಸ ನಮಗೆ ಹುಟ್ಟಿನಿಂದ ಗೊತ್ತು. ನಾಲಿಗೆ ಅದನ್ನು ಹೇಗೆ ಮಾಡುತ್ತದೆ ಅಂತ ಮಿಲಿಮೀಟರಿನಲ್ಲಿ ಬರೆದಿಟ್ಟದ್ದು ಮೊನ್ನೆ ಮೊನ್ನೆ.

ಇದೆಲ್ಲ ಪಂಡಿತರ ಆಟ, ನಮಗೇನು ಅಂತ ಕೇಳಬಹುದು. ನಾನೂ ಕೇಳುತ್ತಿದ್ದೆನೇನೋ, ತಂಗಿಯ ಮಗ ಇಲ್ಲದಿದ್ದರೆ. ಐದು ವರ್ಷ ತುಂಬಿದರೂ ಅವನಿಗೆ ಕಾಡು 'ತಾಡು', ಅಕ್ಕಿ 'ಅತ್ತಿ'. ತೋರಿಸಿದ ಒಂದು ಕಡೆ, ದೊಡ್ಡವನಾದ ಮೇಲೆ ಸರಿಹೋಗುತ್ತದೆ ಅಂತ ಎರಡು ನಿಮಿಷದಲ್ಲಿ ಕಳಿಸಿದರು, ಬಾಯಿ ತೆರೆಸಿ ಕೂಡ ನೋಡಲಿಲ್ಲ. ಮನೆಯಲ್ಲಿ ನಾವು ಮಾಡಿದ್ದೂ ದಡ್ಡತನವೇ: 'ಕಾ ಅನ್ನು, ಕಾ, ಕಾ' ಅಂತ ಕೂಗುವುದು. ಅವನು 'ತಾ ತಾ' ಅನ್ನುವುದು. ಅವನ ಮುಖ ನೋಡಿದರೆ ತಾನು ಸರಿಯಾಗೇ ಹೇಳುತ್ತಿದ್ದೇನೆ, ಇವರಿಗೆ ಏನಾಗಿದೆ ಅನ್ನುವ ಹಾಗಿರುತ್ತಿತ್ತು.

ಅವನದೂ ಸರಿ ಇರಬಹುದು ಅಂತ ಇಪಿಜಿ ಬಗ್ಗೆ ಓದಿದ ಮೇಲೆ ಅನ್ನಿಸಿತು. ಇಂಥ ಕೆಲವು ಮಕ್ಕಳ ಬಾಯಿಗೆ ತಟ್ಟೆ ಇಟ್ಟು ನೋಡಿದಾಗ, ದೊಡ್ಡವರ ಕಿವಿಗೆ ಅವರ ಕ, ತ ಎರಡೂ ತ ಅಂತಲೇ ಕೇಳಿದರೂ ಚುಕ್ಕಿ ಚಿತ್ರ ಬೇರೆ ಬೇರೆ ಬಂದದ್ದುಂಟು. ಮಗು ವ್ಯತ್ಯಾಸ ಮಾಡುತ್ತಲೇ ಇದೆ, ಅದು ನಮ್ಮ ಕಿವಿಗೆ ಹಿಡಿಯುವಷ್ಟು ದೊಡ್ಡದಾಗಿಲ್ಲ. ಇನ್ನು ಕೆಲವು ಮಕ್ಕಳಲ್ಲಿ ಬೇರೆಯದೇ ಕಥೆ. ಫಿಯೋನಾ ಗಿಬನ್ ಅನ್ನುವ ಸಂಶೋಧಕಿ 1999ರಲ್ಲಿ ಇದನ್ನು ವಿವರವಾಗಿ ಬರೆದರು. ನಾಲಿಗೆಯ ತುದಿ ಬೇರೆ, ಬೆನ್ನು ಬೇರೆ ಅಂತ ಬಿಡಿಸಿ ಆಡಿಸಲು ಬರದ ಮಕ್ಕಳು ಪೂರ್ತಿ ನಾಲಿಗೆಯನ್ನು ಒಟ್ಟಿಗೆ ಅಂಗುಳಕ್ಕೆ ಒತ್ತುತ್ತಾರೆ, ರೊಟ್ಟಿ ತಟ್ಟಿದ ಹಾಗೆ. ಪರದೆ ತುಂಬ ಚುಕ್ಕಿ. ಬಿಡುವಾಗ ಮುಂಭಾಗ ಕೊನೆಗೆ ಬಿಟ್ಟರೆ ನಮಗೆ ತ ಕೇಳುತ್ತದೆ, ಹಿಂಭಾಗ ಕೊನೆಗೆ ಬಿಟ್ಟರೆ ಕ ಕೇಳುತ್ತದೆ. ಹಾಗಾಗಿ ಅದೇ ಮಗು ಒಮ್ಮೆ ಸರಿ, ಒಮ್ಮೆ ತಪ್ಪು. 'ನಿನ್ನೆ ಸರಿ ಹೇಳಿದ್ದ, ಇವತ್ತು ಬೇಕಂತಲೇ ಹೀಗೆ ಮಾಡ್ತಾನೆ' ಅಂತ ಬೈಸಿಕೊಳ್ಳುವುದು ಇಂಥವರೇ ಇರಬೇಕು. ಕಿವಿಗೆ ತಪ್ಪು ಒಂದೇ, ಬಾಯೊಳಗೆ ಎರಡು ಬೇರೆ ತೊಂದರೆ, ಕಲಿಸುವ ದಾರಿಯೂ ಬೇರೆ.

ಕಲಿಸಲಿಕ್ಕೂ ಇದೇ ಪರದೆ ಬಳಸುತ್ತಾರೆ. ಸೀಳು ಅಂಗುಳದ ಆಪರೇಷನ್ ಆದ ಮೇಲೂ ಕೆಲವು ಮಕ್ಕಳು ಮುಂದಿನ ಶಬ್ದಗಳನ್ನೆಲ್ಲ ಹಿಂದೆ, ಗಂಟಲ ಹತ್ತಿರ ಹೇಳುತ್ತಾರೆ. ಅಂಗುಳ ಹೊಲಿದಾಗಿದೆ, ನಾಲಿಗೆಯ ಅಭ್ಯಾಸ ಹಳೆಯದೇ. ಅಂಥ ಮಗುವಿಗೆ 'ನಾಲಿಗೆ ಮುಂದೆ ತಾ' ಅಂದರೆ ಏನು ಅರ್ಥ ಆಗುತ್ತದೆ? ಪರದೆಯಲ್ಲಿ ಥೆರಪಿಸ್ಟ್ ಬಾಯಿಯ ಲಾಳ ಒಂದು ಕಡೆ, ಮಗುವಿನದು ಇನ್ನೊಂದು ಕಡೆ. ಮೇಲಿನ ಸಾಲಿನ ಚುಕ್ಕಿ ತುಂಬಿಸು ಅಂದರೆ ಅದೊಂದು ಆಟ. ಸಕಾರ ಹೇಳುವಾಗ ಗಾಳಿ ಪಕ್ಕದಿಂದ ಸೋರಿ ಜೊಲ್ಲು ಸೇರಿದ ಹಾಗೆ ಕೇಳುವ ಮಕ್ಕಳಿಗೂ ಹೀಗೆಯೇ, ನಡುವಿನ ಬಾಗಿಲು ತೆರೆಯುವುದನ್ನು ಕಣ್ಣಲ್ಲಿ ನೋಡಿ ಕಲಿಯಬಹುದು. ಆದರೆ ಇದನ್ನು ಪವಾಡ ಅಂತ ಮಾರುವವರನ್ನು ನಂಬಬೇಡಿ. ಸೀಳು ಅಂಗುಳದ ಮಕ್ಕಳಿಗೆ ಇದು ಬೇರೆ ಥೆರಪಿಗಿಂತ ಮೇಲೋ ಅಂತ 2009ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಹುಡುಕಿದಾಗ, ಹಾಗೆ ಹೇಳುವಷ್ಟು ಗಟ್ಟಿ ಪುರಾವೆ ಸಿಗಲಿಲ್ಲ. ಒಬ್ಬೊಬ್ಬರಿಗೆ ಅನುಕೂಲ ಆದ ವರದಿಗಳು ಬೇಕಾದಷ್ಟಿವೆ, ದೊಡ್ಡ ಪರೀಕ್ಷೆಗಳು ಕಮ್ಮಿ.

ತಾಪತ್ರಯವೂ ಬಹಳ. ತಟ್ಟೆ ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ, ಪ್ರತಿಯೊಬ್ಬರಿಗೂ ಹೊಸ ಅಚ್ಚು, ಹೊಸ ಖರ್ಚು. ಮಕ್ಕಳಿಗೆ ಹಾಲುಹಲ್ಲು ಬಿದ್ದರೆ, ಬಾಯಿ ಬೆಳೆದರೆ, ಮತ್ತೆ ಮೊದಲಿಂದ. ಬಾಯಲ್ಲಿ ಹೊಸದೇನು ಇಟ್ಟರೂ ಜೊಲ್ಲು ಸುರಿಯುತ್ತದೆ, ಜೊಲ್ಲಿನ ಗುಳ್ಳೆ ಬಿಲ್ಲೆಗೆ ತಾಗಿದರೆ ಯಂತ್ರ ಅದನ್ನೂ ನಾಲಿಗೆ ಅಂದುಕೊಳ್ಳಬಹುದು. ಮತ್ತೆ, ಅಳೆಯಲಿಕ್ಕೆ ಅಂತ ಇಟ್ಟ ತಟ್ಟೆಯೇ ಮಾತನ್ನು ಕೆಡಿಸುತ್ತದೆ, ಅಜ್ಜನಿಗೆ ಆದ ಹಾಗೆ. ಅದಕ್ಕೇ ಸೆನ್ಸರ್ ಇಲ್ಲದ ಬರೀ ತಟ್ಟೆಯೊಂದನ್ನು ಮೊದಲು ಕೊಟ್ಟು ಅಭ್ಯಾಸ ಮಾಡಿಸುತ್ತಾರೆ. ನಾಲಿಗೆ ಪಳಗಿದ ಮೇಲೆಯೇ ಅಳತೆ.

ಇದನ್ನು ಅಜ್ಜನಿಗೆ ಹೇಳಿದೆ. 'ಹಂಗಾದ್ರೆ ನಾ ಪಾಸಲ್ಲನಾ' ಅಂದ. ಪಾಸೇ ಸರಿ. ಆಗ ಹೊಳೆಯಿತು: ಕಿಂಗ್ಸ್ಲಿ ಕಷ್ಟಪಟ್ಟು ಮಾಡಿಸಿದ ತಟ್ಟೆ ನಮ್ಮ ಮನೆಯಲ್ಲೇ ಇದೆ, ರಾತ್ರಿ ಲೋಟದ ನೀರಿನಲ್ಲಿ ಮಲಗುತ್ತದೆ. ಕನ್ನಡಿಯೂ ಬೇಡ, ಟಾರ್ಚೂ ಬೇಡ.

ಸೆಟ್ಟು ಒರೆಸಿ, ಅಂಗುಳದ ಕಡೆ ಅಕ್ಕಿಹಿಟ್ಟು ತೆಳ್ಳಗೆ ಉದುರಿಸಿ, ಜಾಸ್ತಿಯಾದದ್ದನ್ನು ಊದಿ ಕೊಟ್ಟೆ. ಅಜ್ಜ ಹಾಕಿಕೊಂಡು 'ಆಸೆ' ಅಂದ, ಒಂದೇ ಸಲ, ಗಂಭೀರವಾಗಿ. ತೆಗೆದು ಕೈಗೆ ಕೊಟ್ಟ. ಎರಡು ಪಕ್ಕದಲ್ಲೂ ಹಿಟ್ಟು ಅಳಿಸಿ ಗುಲಾಬಿ ಬಣ್ಣ ಕಾಣುತ್ತಿತ್ತು, ಹಿಂದಿನಿಂದ ಮುಂದಿನವರೆಗೂ. ನಡುವೆ ಹಿಟ್ಟಿನ ಬಿಳಿ ಪಟ್ಟಿ ಹಾಗೇ ಉಳಿದಿತ್ತು, ಮುಂದೆ ಹೋಗುತ್ತಾ ಕಿರಿದಾಗಿ, ಹಲ್ಲಿನ ಹತ್ತಿರ ಅಕ್ಕಿಕಾಳಿನಷ್ಟು ಸಂದು. ಸಂದು ನಟ್ಟನಡುವೆ ಇರಲಿಲ್ಲ, ಸ್ವಲ್ಪ ಎಡಕ್ಕಿತ್ತು. ಅಜ್ಜ ಕನ್ನಡಕ ಹಾಕಿಕೊಂಡು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಎಡಗಡೆ ದವಡೆಯಲ್ಲೇ ಕವಳ ಇಟ್ಟು ಇಟ್ಟು ಹಿಂಗಾಗಿದ್ದು ಅಂತ ಅವನ ತೀರ್ಮಾನ. ನನಗೇನೂ ಹಾಗನ್ನಿಸಲಿಲ್ಲ, ವಾದ ಮಾಡಲೂ ಇಲ್ಲ. ಸೆಟ್ಟನ್ನು ನಲ್ಲಿ ಕೆಳಗೆ ತೊಳೆದು ಮತ್ತೆ ಹಾಕಿಕೊಂಡು, ಕುಟ್ಟಾಣಿ ಎಲ್ಲಿಟ್ಟಿದೀರಿ ಅಂತ ಒಳಗೆ ಕೂಗಿದ.